ಮಳೆಗಾಲದ ಕೆಂಪು ನೀರು, ಹೂಳಿನ ಕಪ್ಪು ನೀರು

ಕುಮಟಾ ತಾಲೂಕಿನ ಓದುಗರೊಬ್ಬರ ಪತ್ರ: “ಅಘನಾಶಿನಿಯ ಅಳಿವೆಯಲ್ಲಿ ಹೂಳೆತ್ತಿದರೆ ಜಲಚರಗಳಿಗೆ ಕುತ್ತು ಎಂದು ಬರೆದಿದ್ದೀರಿ. ಮಳೆಗಾಲದಲ್ಲಿ ಹೊಳೆಯೇ ಕೆಂಪಗೆ ಹರಿಯುತ್ತದಲ್ಲ? ಆಗ ಸಾಯದ ಮೀನು ಈಗ ಸಾಯುತ್ತದೆಯೇ? ದೋಣಿಯವರ ಕಷ್ಟ ನಿಮಗೆ ಕಾಣುವುದಿಲ್ಲವೇ?”

ಸಂಪಾದಕರ ಉತ್ತರ:

ನಿಮ್ಮ ಕೊನೆಯ ಮಾತಿನಿಂದಲೇ ಶುರುಮಾಡುತ್ತೇನೆ. ಅಳಿವೆಯ ಮರಳುದಿಬ್ಬಕ್ಕೆ ತಾಗಿ ದೋಣಿ ಮಗುಚಿದರೆ ಹೋಗುವುದು ಜೀವ. ದೋಣಿಯ ದಾರಿ ಆಳವಾಗಲೇಬೇಕಾದ ಕಡೆ ಹೂಳೆತ್ತಬೇಡಿ ಎಂದು ನಾನು ಹೇಳಲಾರೆ.

ಆದರೆ ಮಳೆನೀರಿನ ಹೋಲಿಕೆ ಒಪ್ಪಲಾರೆ. ಮಳೆಗಾಲದ ಹೊಳೆ ಘಟ್ಟದ ಮೇಲ್ಮಣ್ಣನ್ನು ಹೊತ್ತು ರಭಸದಿಂದ ಕಡಲಿಗೆ ಓಡುತ್ತದೆ. ಹೂಳೆತ್ತುವ ಯಂತ್ರ ಕೆದಕುವುದು ಗಾಳಿ ಸೋಕದೆ ತಳದಲ್ಲಿ ಕೊಳೆತ ಕಪ್ಪು ಕೆಸರನ್ನು. ಅದರ ಕೊಳೆತ ಮೊಟ್ಟೆಯ ನಾತ ಹೈಡ್ರೋಜನ್ ಸಲ್ಫೈಡಿನದು, ಮೀನಿಗೆ ವಿಷ. ಮೇಲೆದ್ದ ಆ ಕೆಸರು ನೀರಿನ ಆಮ್ಲಜನಕವನ್ನೂ ಹೀರುತ್ತದೆ. ಬೇಸಿಗೆಯಲ್ಲಿ ಹೊಳೆಗೆ ಸೆಳೆತ ಕಡಿಮೆ; ಬಗ್ಗಡವೆಲ್ಲ ಉಬ್ಬರ ಇಳಿತಕ್ಕೆ ಹಿಂದೆ ಮುಂದೆ ಓಲಾಡಿ ಅಲ್ಲೇ ಸುತ್ತಮುತ್ತ ಕೂರುತ್ತದೆ.

ದೊಡ್ಡ ಮೀನು ಈಜಿ ಪಾರಾದೀತು. ಮರಳುಗೆಸರಿನಲ್ಲಿ ಹುದುಗಿರುವ ಚಿಪ್ಪುಜೀವಿ ಬಳಚು ಎಲ್ಲಿಗೆ ಹೋಗಬೇಕು? ಅದು ನೀರನ್ನು ಸೋಸಿಯೇ ಉಣ್ಣುವ ಜೀವ. ನೀರು ತುಂಬ ಕದಡಿದರೆ ಚಿಪ್ಪು ಮುಚ್ಚಿಕೊಂಡು ಉಪವಾಸ ಬೀಳುತ್ತದೆ. ಮೇಲೆ ಕೆಸರಿನ ದಪ್ಪ ಪದರ ಕೂತರೆ ಉಸಿರುಕಟ್ಟುತ್ತದೆ. ಮಳೆಗಾಲದ ಸಿಹಿನೀರಿಗೂ ಬಳಚು ಸಾಯುವುದುಂಟು, ನಿಜ. ಆದರೆ ನೀರು ಮತ್ತೆ ಉಪ್ಪಾದಾಗ ಮರಿಗಳು ಅದೇ ಮರಳುಗೆಸರಿನಲ್ಲಿ ನೆಲೆಯೂರುತ್ತವೆ. ಯಂತ್ರ ಆ ನೆಲವನ್ನೇ ಒಯ್ದರೆ? ಇಳಿತದಲ್ಲಿ ಬಳಚು ಹೆಕ್ಕಿ ಸಂಸಾರ ತೂಗಿಸುವ ಹೆಂಗಸರು ದೋಣಿಯವರ ಮನೆಯವರೂ ಆಗಿರಬಹುದು.

ಕೆಸರು ತನ್ನೊಳಗೆ ಇಳಿದದ್ದನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಅಮೆರಿಕದ ಹಡ್ಸನ್ ನದಿಗೆ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎರಡು ಕಾರ್ಖಾನೆಗಳು 1977ರವರೆಗೆ, ಸುಮಾರು 30 ವರ್ಷ, ಪಿಸಿಬಿ ಎಂಬ ವಿಷಕಾರಿ ರಾಸಾಯನಿಕ ಬಿಟ್ಟವು. ಅದನ್ನು ತೆಗೆಯಲೆಂದೇ 2009ರಿಂದ 2015ರವರೆಗೆ ಹೂಳೆತ್ತಿದರು. ಶುಚಿ ಮಾಡಲು ಇಳಿದ ಆ ಕೆಲಸ ನಡೆಯುವಾಗಲೂ ಹತ್ತಿರದ ಮೀನುಗಳಲ್ಲಿ ಪಿಸಿಬಿ ಕೆಲಕಾಲ ಏರಿತ್ತು. ನಮ್ಮಲ್ಲಿ ಅಂಥ ಕಾರ್ಖಾನೆಗಳಿಲ್ಲ ಎಂದು ನೀವು ಹೇಳಬಹುದು. ಆದರೆ ದೋಣಿ ತಂಗುವ ಕಡೆಯ ಕೆಸರಿಗೆ ಡೀಸೆಲ್ ಇಳಿಯುತ್ತದೆ, ದೋಣಿಯ ತಳಕ್ಕೆ ಬಳಿಯುವ, ತಾಮ್ರ ಬೆರೆತ ಬಣ್ಣವೂ ಇಳಿಯುತ್ತದೆ. ಎತ್ತುವ ಮೊದಲು ಪರೀಕ್ಷೆ ಬೇಡವೇ?

ನಿಮ್ಮೂರಿನಲ್ಲಿ ಈ ಮಾತು ಬಂದರೆ ದಯವಿಟ್ಟು ಇಷ್ಟು ಕೇಳಿ: ಯಾವ ತಿಂಗಳಲ್ಲಿ ಎತ್ತುತ್ತೀರಿ, ಎಷ್ಟು ಆಳ, ಎತ್ತಿದ್ದನ್ನು ಎಲ್ಲಿ ಸುರಿಯುತ್ತೀರಿ? ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡಕ್ಕೆ ಎಂದರೆ ಒಪ್ಪಬೇಡಿ. ಬಳಚಿನ ಜಾಗ ಯಾವುದೆಂದು ಅದನ್ನು ಹೆಕ್ಕುವ ಹೆಂಗಸರಿಗೆ ಗೊತ್ತು. ಹೂಳೆತ್ತುವ ಜಾಗಕ್ಕೆ ಗುರುತು ಹಾಕುವಾಗ ಅವರನ್ನೂ ದೋಣಿಯಲ್ಲಿ ಕರೆದೊಯ್ಯಿರಿ.