ಕಣ್ಣಿನ ಪೊರೆ ಬಲಿಯುವವರೆಗೂ ಕಾಯಬೇಕಾ? ಆಪರೇಷನ್‌ನಲ್ಲಿ ಏನು ಮಾಡುತ್ತಾರೆ?

ಪೊರೆ ಬಲಿತ ಮೇಲೇ ಆಪರೇಷನ್ ಅನ್ನುವುದು ಹಳೆಯ ಕಾಲದ ಮಾತು, ದಯವಿಟ್ಟು ಅದಕ್ಕಾಗಿ ಸುಮ್ನೆ ಕಾಯಬೇಡಿ. ಪೊರೆ ಅಂದರೆ ಕಣ್ಣಿನ ಮೇಲೆ ಬೆಳೆಯುವ ಪದರ ಅಲ್ಲ. ಕಣ್ಣೊಳಗಿನ ಮಸೂರವೇ (ಲೆನ್ಸ್) ಮಬ್ಬಾಗುವುದು, ಅದರಲ್ಲಿರುವ ಪ್ರೋಟೀನ್ ಗಂಟು ಕಟ್ಟಿಕೊಂಡು. ಹಾಗಾಗಿ ಯಾವ ಡ್ರಾಪ್ಸ್ ಹಾಕಿದರೂ ಹೋಗುವುದಿಲ್ಲ. ಓದುವುದು, ರಾತ್ರಿ ಗಾಡಿ ಓಡಿಸುವುದು ಕಷ್ಟವಾಗುತ್ತಿದೆ ಅಂದರೆ ಅದೇ ಸರಿಯಾದ ಸಮಯ. ಜಾಸ್ತಿ ಬಲಿತರೆ ಮಸೂರ ಗಟ್ಟಿಯಾಗಿ ಆಪರೇಷನ್ನೇ ಕಷ್ಟ, ಕೆಲವರಿಗೆ ಕಣ್ಣಿನ ಒತ್ತಡವೂ ಏರುತ್ತದೆ.

ಸಾಮಾನ್ಯವಾಗಿ ಕಣ್ಣಿಗಷ್ಟೇ ಮರಗಟ್ಟುವ ಔಷಧಿ ಕೊಟ್ಟು, 2-3 ಮಿಲಿಮೀಟರಿನಷ್ಟು ಕೊಯ್ದು, ಮಸೂರವನ್ನು ಅಲ್ಟ್ರಾಸೌಂಡ್‌ನಿಂದ ಒಡೆದು ಹೀರಿ ತೆಗೆದು, ಅದನ್ನು ಸುತ್ತಿಕೊಂಡಿದ್ದ ತೆಳು ಚೀಲದೊಳಗೇ ಕೃತಕ ಲೆನ್ಸ್ ಕೂರಿಸುತ್ತಾರೆ. ಆಮೇಲೆ ಕೆಲವು ವಾರ ಡ್ರಾಪ್ಸ್. ಕಣ್ಣು ಉಜ್ಜಬೇಡಿ. ನೋವು ಜಾಸ್ತಿಯಾದರೆ ಅಥವಾ ದೃಷ್ಟಿ ಕುಗ್ಗಿದರೆ ಅವತ್ತೇ ಡಾಕ್ಟರಿಗೆ ತೋರಿಸಿ.