ಬೊಗೋಟಾದಲ್ಲಿ ಹತ್ತು ಗಂಟೆ, ಈ ಸಲ ಸುಸ್ತಾಗದೆ

ಕಳೆದ ಸಲ ಕೊಲಂಬಿಯಾದ ರಾಜಧಾನಿ ಬೊಗೋಟಾದಲ್ಲಿ ವಿಮಾನ ಇಳಿದ ತಕ್ಷಣ ಮೊನ್ಸೆರಾತೆ ಬೆಟ್ಟಕ್ಕೆ ಹೋಗಿ ತಲೆನೋವು, ಏದುಸಿರು ಬಂತು ಅಂದ್ರಲ್ಲ, ಅದು ಬಹುಶಃ ಎತ್ತರದ ಕಾಟ. ಊರೇ ಸುಮಾರು 2,600 ಮೀಟರ್ ಮೇಲಿದೆ, ಬೆಟ್ಟ 3,152. ಈ ಸಲ ಮುಂದಿನ ವಿಮಾನಕ್ಕೆ ಹತ್ತು ಗಂಟೆ ಇದೆ ಅಲ್ವಾ, ಬೆಟ್ಟ ಕೊನೆಗಿರಲಿ. ಮೊದಲು ಟ್ಯಾಕ್ಸಿ ಹಿಡಿದು ಚಿನ್ನದ ಮ್ಯೂಸಿಯಂಗೆ ಹೋಗಿ, ಸೋಮವಾರ ರಜೆ. ಅಲ್ಲಿ ಈ ಪ್ರದೇಶದ ಮೂಲನಿವಾಸಿಗಳಾದ ಮುಯಿಸ್ಕಾ ಜನರ ಚಿನ್ನದ ತೆಪ್ಪವನ್ನು ಹತ್ತಿರದಿಂದ ನೋಡಲೇಬೇಕು: ಒಂದು ಗೇಣುದ್ದವೂ ಇಲ್ಲ, ಆದರೆ ನಡುವೆ ದೊಡ್ಡದಾಗಿ ನಿಂತ ದೊರೆ, ಸುತ್ತ ಪುಟಾಣಿ ಪರಿವಾರ, ಎಲ್ಲಾ ಎಷ್ಟು ನಾಜೂಕು! ಆಮೇಲೆ ಬೊಲಿವಾರ್ ಚೌಕ, ಲಾ ಕಾಂಡೆಲೇರಿಯಾದ ಹಳೇ ಬೀದಿಗಳು, ನಡೆದೇ ಹೋಗಬಹುದು, ನಿಧಾನವಾಗಿ, ನೀರು ಕುಡಿಯುತ್ತಾ. ಆಗಲೂ ಆರಾಮಾಗಿದ್ದರೆ ಮಾತ್ರ ಕೇಬಲ್ ಕಾರಲ್ಲಿ ಬೆಟ್ಟಕ್ಕೆ ಹೋಗಿ, ಮೆಟ್ಟಿಲು ಬೇಡವೇ ಬೇಡ. ವಿಮಾನಕ್ಕೆ ನಾಲ್ಕು ಗಂಟೆ ಇರುವಾಗಲೇ ವಾಪಸ್ ಹೊರಡಿ, ಸಂಜೆ ಟ್ರಾಫಿಕ್ ವಿಪರೀತ.