‘ನಿಗಾ ಇಡಬೇಕು’ ಎಂದಷ್ಟೇ ಬರೆದರೆ ಸಾಲದು: ಹೆರಿಗೆ ಆರೈಕೆಯ ಲೇಖನವೊಂದಕ್ಕೆ ಸಂಪಾದಕರ ಉತ್ತರ

ನಮಸ್ಕಾರ.

‘ತಾಯ್ತನದ ಹಾದಿಯಲ್ಲಿ ನರ್ಸ್’ ಎಂಬ ನಿಮ್ಮ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು. ಲೇಬರ್ ರೂಮ್ ಡ್ಯೂಟಿಗೆ ಹೊಸದಾಗಿ ಬರುವ ನರ್ಸಿಂಗ್ ವಿದ್ಯಾರ್ಥಿಗಳಿಗಾಗಿ ಬರೆದದ್ದೆಂದು ಹೇಳಿದ್ದೀರಿ. ಅವರು ಇದನ್ನು ಓದಿಕೊಂಡು ಡ್ಯೂಟಿಗೆ ಹೋದರೆ ಮಾಡಬೇಕಾದ್ದು ತಿಳಿಯುವುದಿಲ್ಲ; ಕೆಲವು ಕಡೆ ಮಾಡಬಾರದ್ದನ್ನೇ ಮಾಡಿಬಿಡುತ್ತಾರೆ. ಹಾಗಾಗಿ ಮುಲಾಜಿಲ್ಲದೆ ಬರೆಯುತ್ತಿದ್ದೇವೆ.

ಮೊದಲ ಎರಡು ಪುಟ ತೆಗೆದುಹಾಕಿ. ತಾಯ್ತನ ದೊಡ್ಡದು, ನರ್ಸ್ ದೇವತೆ ಎಂಬುದನ್ನೆಲ್ಲ ಓದುಗರು ಬೇರೆಡೆ ಬೇಕಾದಷ್ಟು ಓದಿರುತ್ತಾರೆ. ಆ ಜಾಗ ನಿಮಗೆ ಮುಂದೆ ಬೇಕಾಗುತ್ತದೆ.

ಲೇಖನದ ಮುಖ್ಯ ದೋಷಕ್ಕೆ ಬರೋಣ. ‘ತಾಯಿ ಮತ್ತು ಮಗುವಿನ ಮೇಲೆ ನಿಗಾ ಇಡಬೇಕು’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಎಷ್ಟು ಹೊತ್ತಿಗೊಮ್ಮೆ, ಹೇಗೆ, ಯಾವ ಅಂಕಿ ಬಂದರೆ ಎಚ್ಚರವಾಗಬೇಕು, ಆಮೇಲೇನು ಮಾಡಬೇಕು ಎಂಬುದು ಒಂದು ಕಡೆಯೂ ಇಲ್ಲ. ಮಗುವಿನ ಎದೆಬಡಿತವನ್ನೇ ತೆಗೆದುಕೊಳ್ಳಿ. ಹೆರಿಗೆ ನೋವು ಬಲವಾದ ಹಂತದಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ, ಮುಕ್ಕುವ ಹಂತದಲ್ಲಿ 5 ನಿಮಿಷಕ್ಕೊಮ್ಮೆ ಕೇಳಬೇಕು. ನೋವು ಇಳಿಯುತ್ತಿದ್ದಂತೆ ಶುರು ಮಾಡಿ ಪೂರ್ತಿ ಒಂದು ನಿಮಿಷ ಎಣಿಸಬೇಕು. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ರೂಢಿ ಇದೆಯಲ್ಲ, ಅದರಲ್ಲಿ ನೋವಿನ ನಂತರ ತಡವಾಗಿ ಇಳಿಯುವ ಬಡಿತ ಕೈತಪ್ಪಿಹೋಗುತ್ತದೆ. ಅದೇ ಹೊತ್ತಿಗೆ ಇನ್ನೊಂದು ಕೈ ತಾಯಿಯ ನಾಡಿಯ ಮೇಲಿರಬೇಕು. ಇಲ್ಲದಿದ್ದರೆ ಎದೆಬಡಿತ ಕೇಳಿಸುವ ಯಂತ್ರವಾದ ಡಾಪ್ಲರ್‌ನಲ್ಲಿ ತಾಯಿಯ ಬಡಿತವನ್ನೇ ಕೇಳಿ ಮಗು ಚೆನ್ನಾಗಿದೆ ಎಂದು ಬರೆದುಕೊಳ್ಳುವ ಅಪಾಯವಿದೆ. ಸಾಮಾನ್ಯ ಮಿತಿ 110ರಿಂದ 160. ಅದಕ್ಕಿಂತ ಕಡಿಮೆಯಾದರೆ ತಾಯಿಯನ್ನು ಮಗ್ಗುಲಾಗಿ ಮಲಗಿಸಿ, ಆಕ್ಸಿಟೋಸಿನ್ (ಗರ್ಭಕೋಶವನ್ನು ಸಂಕುಚಿಸುವ ಔಷಧಿ) ಡ್ರಿಪ್ ಓಡುತ್ತಿದ್ದರೆ ನಿಲ್ಲಿಸಿ, ಬಿ.ಪಿ. ನೋಡಿ, ವೈದ್ಯರನ್ನು ಕರೆಯಬೇಕು. 10 ನಿಮಿಷದಲ್ಲಿ ಐದಕ್ಕಿಂತ ಹೆಚ್ಚು ನೋವು ಬರುತ್ತಿವೆಯೇ ಎಂದೂ ಹೊಟ್ಟೆ ಮುಟ್ಟಿ ಎಣಿಸಬೇಕು. ಎರಡು ನೋವುಗಳ ನಡುವೆ ಗರ್ಭಕೋಶ ಸಡಿಲವಾಗದಿದ್ದರೆ ಮಾಸಿಗೆ (ಪ್ಲಾಸೆಂಟಾ) ರಕ್ತ ಸರಿಯಾಗಿ ತಲುಪುವುದಿಲ್ಲ. ‘ನಿಗಾ’ದಲ್ಲಿ ಇಷ್ಟೆಲ್ಲ ಬರಬೇಕು.

ನೀರು ಒಡೆದ ಮೇಲೆ ಗಂಟೆಗೊಮ್ಮೆ ಒಳಪರೀಕ್ಷೆ ಮಾಡಬೇಕು ಎಂದು ಬರೆದಿದ್ದೀರಿ. ಬೇಡ. ಬೇರೆ ಕಾರಣವಿಲ್ಲದಿದ್ದರೆ ನಾಲ್ಕು ಗಂಟೆಗೊಮ್ಮೆ ಸಾಕು. ಪ್ರತಿ ಸಲ ಕೈ ಹಾಕಿದಾಗಲೂ ಸೋಂಕಿಗೆ ದಾರಿಯಾಗುತ್ತದೆ. ನೀರು ಒಡೆದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಮಗುವಿನ ಎದೆಬಡಿತ ಕೇಳುವುದು, ನೀರಿನ ಬಣ್ಣ ನೋಡುವುದು. ಅದು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಹೊಕ್ಕುಳ ಬಳ್ಳಿ ಜಾರಿ ಕೆಳಗೆ ಬಂದಿದ್ದರೆ ಅದನ್ನು ಒಳಗೆ ತಳ್ಳಬಾರದು, ಹೆಚ್ಚು ಮುಟ್ಟಲೂಬಾರದು. ಕೈಯನ್ನು ಒಳಗೇ ಇಟ್ಟು ಮಗುವಿನ ತಲೆಯನ್ನು ಮೇಲಕ್ಕೆ ಎತ್ತಿ ಹಿಡಿದು, ತಾಯಿಯನ್ನು ಮೊಣಕಾಲು ಮತ್ತು ಎದೆಯ ಮೇಲೆ ಬಾಗಿಸಿ ಸಹಾಯ ಕೂಗಬೇಕು.

‘ಗಂಟೆಗೆ 1 ಸೆಂ.ಮೀ. ತೆರೆಯದಿದ್ದರೆ ಡ್ರಿಪ್ ಹಾಕಬೇಕು’ ಎಂಬ ಸಾಲು ಹಳೆಯ ಪಾರ್ಟೋಗ್ರಾಫಿನಿಂದ, ಅಂದರೆ ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಎಂದು ಗುರುತಿಸುವ ಹೆರಿಗೆಯ ನಕ್ಷೆಯಿಂದ, ಬಂದದ್ದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಲೇಬರ್ ಕೇರ್ ಗೈಡ್‌ನಲ್ಲಿ ಗಂಟೆಗೆ 1 ಸೆಂ.ಮೀ. ಎಂಬ ಆ ಗೆರೆ ಇಲ್ಲ. ಸಕ್ರಿಯ ಹಂತ 5 ಸೆಂ.ಮೀ.ನಿಂದ ಶುರುವಾಗುತ್ತದೆ. 5ರಲ್ಲಿ 6 ಗಂಟೆ, 6ರಲ್ಲಿ 5 ಗಂಟೆ, 7ರಲ್ಲಿ 3, 8ರಲ್ಲಿ ಎರಡೂವರೆ, 9ರಲ್ಲಿ 2 ಗಂಟೆ ಕಳೆದರೂ ಮುಂದುವರಿಯದಿದ್ದರೆ ಅದು ಎಚ್ಚರಿಕೆ. ತಾಯಿ, ಮಗು ಇಬ್ಬರೂ ಚೆನ್ನಾಗಿರುವಾಗ ಗಡಿಯಾರ ನೋಡಿ ಡ್ರಿಪ್ ಹಾಕುವ ಅಭ್ಯಾಸವನ್ನು ನಿಮ್ಮ ಲೇಖನ ಮುಂದಿನ ತಲೆಮಾರಿಗೆ ದಾಟಿಸಬಾರದು. ಎನಿಮಾ, ಶೇವಿಂಗ್, ಎಲ್ಲರಿಗೂ ಎಪಿಸಿಯೋಟಮಿ (ಯೋನಿದ್ವಾರ ಕತ್ತರಿಸಿ ಹಿಗ್ಗಿಸುವುದು), ಹೊಟ್ಟೆ ಒತ್ತಿ ಮಗುವನ್ನು ತಳ್ಳುವುದು ಇವನ್ನೂ ಅದೇ ಕಾರಣಕ್ಕೆ ಹೊಡೆದುಹಾಕಿದ್ದೇವೆ.

ಮಾಸು ಬರುವ ಹಂತಕ್ಕೆ ನೀವು ಕೊಟ್ಟಿರುವುದು ಎರಡೇ ಸಾಲು: ‘ಬಳ್ಳಿ ಎಳೆದು ಮಾಸು ತೆಗೆಯಬೇಕು. ನಂತರ ಆಕ್ಸಿಟೋಸಿನ್ ಕೊಡಬೇಕು.’ ಕ್ರಮ ತಲೆಕೆಳಗಾಗಿದೆ. ಆಕ್ಸಿಟೋಸಿನ್ 10 ಯೂನಿಟ್ ಹೆರಿಗೆಗೆ ಮೊದಲೇ ಸಿರಿಂಜಿನಲ್ಲಿ ಸಿದ್ಧವಿರಬೇಕು. ಮಗು ಹೊರಬಂದ ಕೂಡಲೇ ಹೊಟ್ಟೆ ಮುಟ್ಟಿ ಇನ್ನೊಂದು ಮಗು ಇಲ್ಲವೆಂದು ಖಚಿತಪಡಿಸಿಕೊಂಡು, ಒಂದು ನಿಮಿಷದೊಳಗೆ ಸ್ನಾಯುವಿಗೆ ಕೊಡಬೇಕು. ಮಗು ಚೆನ್ನಾಗಿ ಉಸಿರಾಡುತ್ತಿದ್ದರೆ ಬಳ್ಳಿ ಕತ್ತರಿಸಲು 1ರಿಂದ 3 ನಿಮಿಷ ಕಾಯಬಹುದು. ಅಷ್ಟು ಹೊತ್ತು ಮಗುವನ್ನು ಒರೆಸಿ ತಾಯಿಯ ಎದೆಯ ಮೇಲೆ ಮಲಗಿಸಿ. ಗರ್ಭಕೋಶ ಗಟ್ಟಿಯಾದ ಮೇಲಷ್ಟೇ ಬಳ್ಳಿಗೆ ಕೈ ಹಾಕಬೇಕು. ಒಂದು ಅಂಗೈ ಪ್ಯೂಬಿಕ್ ಮೂಳೆಯ ಮೇಲ್ಭಾಗದಲ್ಲಿದ್ದು ಗರ್ಭಕೋಶವನ್ನು ಮೇಲಕ್ಕೆ ತಡೆದು ಹಿಡಿದಿರಬೇಕು, ಇನ್ನೊಂದು ಕೈ ಬಳ್ಳಿಯನ್ನು ಕೆಳಮುಖವಾಗಿ, ಜಗ್ಗದೆ, ಒಂದೇ ಸಮ ಎಳೆಯಬೇಕು. 30ರಿಂದ 40 ಸೆಕೆಂಡಿನಲ್ಲಿ ಮಾಸು ಇಳಿಯದಿದ್ದರೆ ಬಿಟ್ಟು ಮುಂದಿನ ನೋವಿಗೆ ಕಾಯಬೇಕು. ಸಡಿಲವಾಗಿರುವ ಗರ್ಭಕೋಶದಿಂದ ಬಳ್ಳಿ ಜಗ್ಗಿದರೆ ಒಂದೋ ಬಳ್ಳಿ ಕಿತ್ತುಬರುತ್ತದೆ, ಇಲ್ಲವೇ ಗರ್ಭಕೋಶವೇ ಒಳಹೊರಗಾಗಿ ತಿರುಗಿ ಬಂದು ತಾಯಿ ಶಾಕ್‌ಗೆ ಹೋಗುತ್ತಾಳೆ. ಬಂದ ಮಾಸನ್ನು ತಟ್ಟೆಯಲ್ಲಿ ಹರಡಿ, ಹಾಲೆಗಳೂ ಪೊರೆಯೂ ಪೂರ್ತಿ ಇವೆಯೇ ಎಂದು ನೋಡಬೇಕೆಂದೂ ಬರೆಯಿರಿ.

ರಕ್ತಸ್ರಾವ ‘ಹೆಚ್ಚು’ ಎಂದಿದ್ದೀರಿ. ಎಷ್ಟು ಹೆಚ್ಚು? ಕಣ್ಣಂದಾಜು ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆಯೇ ಇರುತ್ತದೆ. ರಕ್ತ ಸಂಗ್ರಹಿಸುವ, ಅಳತೆ ಗುರುತಿರುವ ಡ್ರೇಪನ್ನು (ಹಾಳೆ) ಸೊಂಟದ ಕೆಳಗೆ ಹಾಸಬೇಕು. 500 ಮಿ.ಲೀ. ಆಗುವವರೆಗೆ ಕೈಕಟ್ಟಿ ಕೂರುವಂತಿಲ್ಲ, 300 ಮಿ.ಲೀ. ದಾಟಿ ನಾಡಿ 100ಕ್ಕಿಂತ ಹೆಚ್ಚಾದರೆ ಅಥವಾ ಬಿ.ಪಿ. ಕುಸಿದರೆ ಆಗಲೇ ಚಿಕಿತ್ಸೆ ಶುರುವಾಗಬೇಕು: ಗರ್ಭಕೋಶ ಉಜ್ಜುವುದು, ಆಕ್ಸಿಟೋಸಿನ್, ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ರಕ್ತನಾಳಕ್ಕೆ 10 ನಿಮಿಷದಲ್ಲಿ (ಹೆರಿಗೆಯಾದ 3 ಗಂಟೆಯೊಳಗೆ), ಐ.ವಿ. ದ್ರವ, ಎಲ್ಲಿಂದ ರಕ್ತ ಬರುತ್ತಿದೆ ಎಂಬ ಪರೀಕ್ಷೆ. ಒಂದು ಮುಗಿದ ಮೇಲೆ ಇನ್ನೊಂದು ಎಂದು ಕಾಯದೆ ಎಲ್ಲವೂ ಒಟ್ಟಿಗೇ ನಡೆಯಬೇಕು. ಮೂತ್ರಕೋಶ ತುಂಬಿದ್ದರೆ ಗರ್ಭಕೋಶ ಒಂದು ಪಕ್ಕಕ್ಕೆ ಸರಿದು ಗಟ್ಟಿಯಾಗುವುದೇ ಇಲ್ಲ; ಅದನ್ನು ಖಾಲಿ ಮಾಡಿಸದೆ ಎಷ್ಟು ಉಜ್ಜಿದರೂ ವ್ಯರ್ಥ. ಹೆರಿಗೆಯ ನಂತರದ ಎರಡು ಗಂಟೆ 15 ನಿಮಿಷಕ್ಕೊಮ್ಮೆ ನಾಡಿ, ಬಿ.ಪಿ., ಗರ್ಭಕೋಶ, ಪ್ಯಾಡ್ ನೋಡಬೇಕು ಎಂಬ ಸಾಲು ಇಲ್ಲಿ ಬರಲಿ.

ಎಲ್ಲಕ್ಕಿಂತ ಅಪಾಯಕಾರಿ ವಾಕ್ಯ ಫಿಟ್ಸ್ ಬಗ್ಗೆ ಬರೆದದ್ದು: ‘ಮ್ಯಾಗ್ನೀಷಿಯಂ ಸಲ್ಫೇಟ್ 14 ಗ್ರಾಂ ಕೊಡಬೇಕು.’ ಒಟ್ಟು ಪ್ರಮಾಣ ಸರಿ. ಆದರೆ ಓದಿದವರು ಅಷ್ಟನ್ನೂ ರಕ್ತನಾಳಕ್ಕೆ ಏರಿಸಿದರೆ ಉಸಿರು ನಿಂತೀತು. ರಕ್ತನಾಳಕ್ಕೆ 4 ಗ್ರಾಂ ಮಾತ್ರ: ಶೇ. 50ರ ದ್ರಾವಣ 8 ಮಿ.ಲೀ.ಗೆ 12 ಮಿ.ಲೀ. ಸ್ಟೆರೈಲ್ ವಾಟರ್ ಸೇರಿಸಿ 20 ಮಿ.ಲೀ. ಮಾಡಿ, 5 ನಿಮಿಷಕ್ಕಿಂತ ಬೇಗ ಮುಗಿಯದಂತೆ ನಿಧಾನವಾಗಿ. ಉಳಿದ 10 ಗ್ರಾಂ ಎರಡು ಪೃಷ್ಠಗಳಿಗೆ 5 ಗ್ರಾಂನಂತೆ, ಆಳವಾಗಿ ಸ್ನಾಯುವಿಗೆ. ನಾಲ್ಕು ಗಂಟೆಗೊಮ್ಮೆ ಮುಂದಿನ 5 ಗ್ರಾಂ ಕೊಡುವ ಮುನ್ನ ಉಸಿರು ನಿಮಿಷಕ್ಕೆ ಕನಿಷ್ಠ 16 ಇದೆಯೇ, ಮೊಣಕಾಲಿನ ರಿಫ್ಲೆಕ್ಸ್ ಬರುತ್ತದೆಯೇ, ಮೂತ್ರ ಗಂಟೆಗೆ ಕನಿಷ್ಠ 30 ಮಿ.ಲೀ. ಇದೆಯೇ ಎಂದು ನೋಡಬೇಕು. ಒಂದು ಇಲ್ಲದಿದ್ದರೂ ಆ ಡೋಸ್ ತಡೆದು ವೈದ್ಯರಿಗೆ ತಿಳಿಸಬೇಕು. ಇದಕ್ಕೆ ಪ್ರತ್ಯೌಷಧವಾದ ಕ್ಯಾಲ್ಸಿಯಂ ಗ್ಲುಕೋನೇಟ್ 1 ಗ್ರಾಂ ಪಕ್ಕದಲ್ಲೇ ಇರಬೇಕು.

ಗರ್ಭಿಣಿಯ ತಪಾಸಣೆಯ ಭಾಗ ಪರವಾಗಿಲ್ಲ. ಕಾಲು ಊದಿದರೆ ಪ್ರೀಎಕ್ಲಾಂಪ್ಸಿಯ (ಗರ್ಭಿಣಿಯರಲ್ಲಿ ಬಿ.ಪಿ. ಏರುವ ಅಪಾಯಕಾರಿ ಕಾಯಿಲೆ) ಎಂಬುದನ್ನು ತಿದ್ದಿ. ಆರೋಗ್ಯವಾಗಿರುವ ಬಹಳಷ್ಟು ಗರ್ಭಿಣಿಯರಿಗೂ ಕಾಲು ಊದುತ್ತದೆ. ಬಿ.ಪಿ. 140/90 ಎಂಬ ಅಂಕಿ ಬರೆಯಿರಿ, ಐದು ನಿಮಿಷ ಕೂರಿಸಿ, ತೋಳು ಹೃದಯದ ಮಟ್ಟಕ್ಕಿಟ್ಟು ನೋಡಬೇಕೆಂದೂ ಸೇರಿಸಿ. ಎಡ ಮಗ್ಗುಲಿಗೆ ಮಲಗಿಸಿ ಮೇಲಿನ ತೋಳಿನಲ್ಲಿ ನೋಡಿದರೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಅಪಾಯದಲ್ಲಿರುವವರು ಮನೆಗೆ ಹೋಗಿಬಿಡುತ್ತಾರೆ.

ನೋವಿನಲ್ಲಿರುವವರ ಜೊತೆ ಅವರಿಗೆ ಬೇಕಾದವರೊಬ್ಬರು ಇರಬೇಕು, ಓಡಾಡಲು ಬಿಡಬೇಕು, ಗರ್ಭಕೋಶದ ಬಾಯಿ ಪೂರ್ತಿ ತೆರೆಯುವ ಮುನ್ನ ‘ಮುಕ್ಕು’ ಎಂದು ಗದರಬಾರದು ಎಂದು ನೀವು ಬರೆದ ಪ್ಯಾರಾ ಮಾತ್ರ ಒಂದಕ್ಷರವೂ ಬದಲಾಗದೆ ಉಳಿಯಲಿ. ಕೆಲಸ ಬಲ್ಲವರ ಬರಹ ಅದು. ಉಳಿದದ್ದನ್ನೂ ಹಾಗೆಯೇ ಬರೆಯಬಲ್ಲಿರಿ.

ಮೊದಲು ಮಾಸಿನ ಹಂತವೊಂದನ್ನೇ ಹೊಸದಾಗಿ ಬರೆದು ಕಳಿಸಿ, ಜೊತೆಗೆ ಎರಡೂ ಕೈ ಎಲ್ಲಿರಬೇಕೆಂದು ತೋರಿಸುವ ಒಂದು ರೇಖಾಚಿತ್ರವಿರಲಿ. ಔಷಧಿಗಳಿಗೆಲ್ಲ ಗ್ರಾಂ, ಮಿ.ಲೀ., ಶೇಕಡಾ, ಕೊಡುವ ದಾರಿ, ಕೊಡುವ ವೇಗ ಐದನ್ನೂ ನಮೂದಿಸಿ. ಕಳಿಸುವ ಮುನ್ನ ಲೇಬರ್ ರೂಮಿನಲ್ಲಿ ಈಗಲೂ ಕೆಲಸ ಮಾಡುತ್ತಿರುವ ಹಿರಿಯ ಸಿಸ್ಟರ್ ಒಬ್ಬರಿಂದ ಆ ಅಂಕಿಗಳನ್ನು ಓದಿಸಿ.